ಬರಿ ಸೂಜಿಗೆ ಮೊದಲ ಹೆಗಲು

ಅಧ್ಯಕ್ಷಸ್ಥಾನದಲ್ಲಿರುವ ಮುಖ್ಯೋಪಾಧ್ಯಾಯಿನಿ ರಾಧಾಬಾಯಿಯವರೇ, ಮುರಗೋಡದಿಂದ ಬಿಸಿಲಲ್ಲಿ ಬಂದಿರುವ ಅತಿಥಿಗಳೇ, ಬೈಲಹೊಂಗಲ ಮಹಿಳಾ ಮಂಡಳದ ಸದಸ್ಯೆಯರೇ, ಬಾಗಿಲ ಬಳಿ ಚಪ್ಪಲಿ ಮೆಟ್ಟಿಕೊಂಡೇ ನಿಂತಿರುವ ಸಭಿಕರೇ,

ಓಡಿಹೋಗಲು ಅನುಕೂಲವಾಗಲೆಂದು ಅಲ್ಲಿ ನಿಂತಿದ್ದೀರಿ, ನನಗೆ ಗೊತ್ತು. ಒಳಗೆ ಬಂದು ಕುಳಿತುಕೊಳ್ಳಿ. ಇಂದು ಚುಚ್ಚಿಸಿಕೊಳ್ಳುವವಳು ನಾನು, ನೀವಲ್ಲ.

ನನ್ನ ಸೊಸೆ ಡಾಕ್ಟರ್ ಶಾಂತಾಬಾಯಿ ಪುಣೆಯಲ್ಲಿ ಕಲಿತು ಬಂದ ಚಿಕಿತ್ಸೆ ಇದು. ನೋಯುವ ಸ್ನಾಯುವಿನಲ್ಲಿ ಗಂಟು ಕಟ್ಟಿದ ಜಾಗವನ್ನು ಬೆರಳಿನಿಂದ ಹುಡುಕಿ ಅಲ್ಲಿಗೆ ಬರಿ ಸೂಜಿ ಚುಚ್ಚುವುದು. ಸೂಜಿಯಲ್ಲಿ ಔಷಧವಿರುವುದಿಲ್ಲ. ಸ್ನಾಯು ಒಮ್ಮೆ ಜಿಗಿದು ಸಡಿಲಾಗುತ್ತದೆಯಂತೆ.

ಆದರೆ ನಮ್ಮೂರಲ್ಲಿ ಔಷಧವಿಲ್ಲದ ಸೂಜಿಯನ್ನು ಯಾರು ಒಪ್ಪುತ್ತಾರೆ? ಬರೀ ಗುಳಿಗೆ ಕೊಟ್ಟವರನ್ನೇ ನಾವು ಡಾಕ್ಟರೆನ್ನುವುದಿಲ್ಲ. ಹತ್ತಿ ಬಿಡಿಸಿ ಭುಜ ಹಿಡಿದಿದ್ದ ಮುದಕವ್ವ ಮೊನ್ನೆ ಅರ್ಧಕ್ಕೇ ಎದ್ದಳು. "ಡಾಕ್ಟರ ಬಾಯಾರ, ಔಷಧ ತುಂಬೂದ ಮರತೀರಿ! ಖಾಲಿ ಸೂಜಿ ಚುಚ್ಚಾಕ ನಾ ಏನ ಹೊಲಿಯೂ ಕೌದಿ ಏನ್ರಿ?" ಅಂದಿನಿಂದ ಶಾಂತಾಳ ದವಾಖಾನೆಗೆ ಯಾರೂ ಬಂದಿಲ್ಲ. ಹೀಗೇ ನಡೆದರೆ ಅವಳು ಬಾಗಿಲು ಹಾಕಬೇಕಾಗುತ್ತದೆ. ಆದ್ದರಿಂದ ನೋಯುತ್ತಿರುವ ನನ್ನ ಹೆಗಲನ್ನು ಸಭೆಯ ಎದುರು ಕೊಡುತ್ತೇನೆಂದು ನಾನೇ ಹೇಳಿದೆ. ನಮ್ಮ ಮನೆತನದಲ್ಲಿ ಆಡಿದ ಮಾತು ಹಿಂದಕ್ಕೆ ಬಂದದ್ದಿಲ್ಲ.

ಹೆದರಿಕೆಯೇ? ನನಗೆ? ನನ್ನ ತವರು ಕಿತ್ತೂರು, ನೆನಪಿರಲಿ.

ಆದರೂ ಬೆಳಿಗ್ಗೆ ಒಂದು ಮಾತು ಕೇಳಿದೆ. "ಶಾಂತಾ, ಹೆಗಲಿನ ಕೆಳಗ ಉಸಿರಾಡೂ ಪುಪ್ಪುಸ ಅದ ಅಂತಿ. ಸೂಜಿ ಜರಾ ಆಳ ಹೋದ್ರ?"

"ಹೋಗಬಾರದ್ರಿ, ಅತ್ತಿಯವರ. ಕೈ ಅಲುಗದಿದ್ರ ಹೋಗೂದಿಲ್ಲ."

ಕೈ ಅಲುಗದಿದ್ದರೆ!

ಸಭಿಕರೇ, ಆ ಕೈ ನನಗೆ ಗೊತ್ತು. ಪುಣೆಯಲ್ಲಿ ಅದು ಅಲುಗಿಲ್ಲ, ಅವಳ ಗುರುಗಳೇ ಹೊಗಳಿದರಂತೆ. ಆದರೆ ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತರೆ ಸಾಕು, ಅವಳ ಸೌಟು ಪಾತ್ರೆಗೆ ಬಡಿಯುತ್ತದೆ. ಮಡಿನೀರು ತರುವಾಗ ನಾನು ನೋಡಿದರೆ ಕೊಡ ತುಳುಕುತ್ತದೆ. ಅದನ್ನು ಮರ್ಯಾದೆ ಎಂದುಕೊಂಡಿದ್ದೆ. ಸೊಸೆಗೆ ಅತ್ತೆಯ ಹೆದರಿಕೆ ಇರಬೇಡವೇ? ನನಗಿರಲಿಲ್ಲವೇ? ನನ್ನ ಅತ್ತೆಯವರು ಹತ್ತಿರ ಬಂದರೆ ನಾನು ಸಾರಿಗೆ ಎರಡು ಸಲ ಉಪ್ಪು ಹಾಕುತ್ತಿದ್ದೆ. ನಗಬೇಡಿ. ನಿಮ್ಮ ಮನೆಗಳ ಸಾರನ್ನೂ ನಾನು ಉಂಡಿದ್ದೇನೆ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಸ್ಟೋವಿನ ಮೇಲೆ ಸೂಜಿ ಕುದ್ದಾಗಿದೆ. ಬೆಂಚಿನ ಬಳಿ ಶಾಂತಾ ನನ್ನನ್ನೇ ನೋಡುತ್ತ ನಿಂತಿದ್ದಾಳೆ. ಇಕ್ಕಳ ಹಿಡಿದ ಅವಳ ಕೈ ನನಗೆ ಇಲ್ಲಿಂದಲೇ ಕಾಣುತ್ತದೆ. ನಿಮಗೂ ಕಾಣುತ್ತದೆ.

ಆದ್ದರಿಂದ ನಾನು ಗೋಡೆಯ ಕಡೆ ಮುಖ ಮಾಡಿ ಕೂರುತ್ತೇನೆ. ಅವಳು ಮುಗಿಸುವ ತನಕ ತಿರುಗುವುದಿಲ್ಲ. ಹೀಗೆ ಹಿಡಿ, ಹಾಗೆ ಹಿಡಿ ಎನ್ನುವುದಿಲ್ಲ. ಇದನ್ನು ಅವಳು ಕೇಳಿಲ್ಲ. ಕೇಳುವ ಧೈರ್ಯ ಅವಳಿಗೆಲ್ಲಿಂದ ಬರಬೇಕು? ನೀವೂ ದಯವಿಟ್ಟು ಅವಳ ಕೈ ನೋಡಬೇಡಿ, ನನ್ನ ಬೆನ್ನು ನೋಡಿ. ಅದು ಅಲುಗುವುದಿಲ್ಲ.

ಇಷ್ಟು ಹೊತ್ತು ಕೇಳಿದ ಎಲ್ಲರಿಗೂ ನನ್ನ ವಂದನೆಗಳು. ಶಾಂತಾ, ಬಾರವಾ. ನಿನಗ ತಿಳಿದಾಂಗ ಮಾಡು.

ನಮಸ್ಕಾರ.