ಸಂಪಿಗೆಗೆ ಬಿಗಿದ ತಂತಿ

ಗಾರ್ಮೆಂಟ್ಸಿನಲ್ಲಿ ದಿನವಿಡೀ ನಿಂತು ಬಂದ ಯಮುನಾಳ ಕಾಲುಗಳು ಸೋತಿದ್ದವು. ಮಹದೇವಪುರದ ಸ್ಟಾಪಿಗೆ ಮುಕ್ಕಾಲು ಗಂಟೆಯಿಂದ ಒಂದು ಬಸ್ಸೂ ಬಂದಿರಲಿಲ್ಲ. ಪಕ್ಕದ ಕಲ್ಲುಬೆಂಚಿನ ಮೇಲೆ ಇಬ್ಬರು ಅಕ್ಕತಂಗಿಯರು ಕೂತಿದ್ದರು. ಅಕ್ಕನ ಮಡಿಲಲ್ಲಿ ಒಂದು ಒಣಗಿದ ಟೊಂಗೆ ಇತ್ತು.

“ನರ್ಸರಿಯೋನು ಏನಂದ, ಪಿಳ್ಳಕ್ಕ?”

“ಟೊಂಗೆ ನೋಡ್ತಿದ್ದಂಗೇ, ಮರಕ್ಕೆ ಏನಾದ್ರೂ ಸುತ್ತಿ ಕಟ್ಟಿದ್ರಾ ಅಂದ.”

“ಕಟ್ಟಿದ್ಯಾ?”

“ಬಟ್ಟೆ ಒಣಗಾಕಕ್ಕೆ ಜಾಗ ಇಲ್ಲ ಅಂತ ಬಾಡಿಗೆಯವ್ರು ದಿನಾ ಗೊಣಗ್ತಿದ್ರು. ಸಂಪಿಗೆ ನನ್ ತೋಳಷ್ಟು ದಪ್ಪ ಇದ್ದಾಗ ನಾನೇ ತಂತಿ ಸುತ್ತಿ ಬಿಗಿದಿದ್ದೆ. ಮರ ದಪ್ಪ ಆಯ್ತಾ ಆಯ್ತಾ ತಂತಿ ಒಳಗೇ ಹೋಗೈತೆ. ನಾನು ನೋಡ್ಲೇ ಇಲ್ಲ ಕಣೇ.”

“ಈಗ ಬಿಚ್ಚಿದ್ರೆ ಚಿಗುರಲ್ವಂತಾ?”

“ಇಲ್ವಂತೆ. ತೊಗಟೆ ಸುತ್ತಾ ಕುಯ್ದೋಗೈತೆ.”

ಯಮುನಾಳಿಗೆ ತನ್ನ ಬಾಡಿಗೆ ಮನೆಯ ಹಿತ್ತಿಲ ತಂತಿ ನೆನಪಾಯಿತು. ಅದರ ಆಚೆಯ ತುದಿಯನ್ನು ಎಲ್ಲಿ ಕಟ್ಟಿದ್ದಾರೆಂದು ಅವಳು ಯಾವತ್ತೂ ನೋಡಿರಲಿಲ್ಲ.

“ಹೋದ್ ವರ್ಷ ಎಲೆ ಕಾಣ್ದಂಗೆ ಹೂವ ಬಿಟ್ಟಿತ್ತಲ್ಲಕ್ಕಾ! ನೆಟ್ಟು ಹನ್ನೆರಡು ವರ್ಷಕ್ಕೆ ಅಮ್ಮನೋರು ಕಣ್ಣು ಬಿಟ್ರು ಅಂತ ಬೀದಿಗೆಲ್ಲ ಹಂಚಿದ್ಯಲ್ಲ.”

“ಅದ್ನೂ ಕೇಳ್ದೆ.”

“ಏನಂದ?”

ಅಷ್ಟರಲ್ಲಿ ಅವರ ಬಸ್ಸು ಬಂತು. ಪಿಳ್ಳಮ್ಮ ಮಂಡಿ ಹಿಡಿದುಕೊಂಡು ಎದ್ದಳು. ಟೊಂಗೆಯನ್ನು ಮಾತ್ರ ಕೈಬಿಡಲಿಲ್ಲ.

“ಸಾಯೋ ಮರ ಅಂಗೇ ಹೂವ ಬಿಡ್ತದಂತೆ,” ಎಂದಳು, ಮೆಟ್ಟಿಲ ಮೇಲೆ ಕಾಲಿಡುತ್ತ. “ನಾನು ಹಬ್ಬ ಮಾಡ್ಬಿಟ್ಟೆ.”