ಪರೀಕ್ಷೆಯಲ್ಲಿ ಕಂಡ ಕೈ

ಕಡಲ ದಂಡೆಯ ಒಂದೂರಲ್ಲಿ ಒಬ್ಬ ಸಾಹುಕಾರ ಇದ್ದ. ಹೆಸರು ಕೇಳಬೇಡಿ. ಹೆಸರು ಹೇಳಿದರೆ ನೀವೆಲ್ಲ ಕತ್ತು ತಿರುಗಿಸಿ ಅವನ ಮನೆಯ ಕಡೆ ನೋಡುತ್ತೀರಿ, ನಿಮ್ಮ ಮನೆಯ ಕಡೆ ನೋಡುವುದಿಲ್ಲ. ಬಂದರಿನ ಪಕ್ಕದಲ್ಲಿ ಅವನದೊಂದು ಐಸ್ ಕಾರ್ಖಾನೆ ಇತ್ತು. ಬೋಟಿನವರಿಗೆ, ಮೀನು ಮಾರುವ ಹೆಂಗಸರಿಗೆ ಐಸ್ ಅಲ್ಲಿಂದಲೇ ಹೋಗಬೇಕು. ಐಸ್ ಅಂದರೆ ಮಕ್ಕಳು ಚೀಪುವ ವಸ್ತು ಎಂದು ನಾವು ತಿಳಿದಿದ್ದೇವೆ. ಆದರೆ ಸಭೆಯವರೇ, ಆ ಕಾರ್ಖಾನೆಯಲ್ಲಿ ನೀರನ್ನು ಗಟ್ಟಿ ಮಾಡುವುದು ಅಮೋನಿಯಾ ಎಂಬ ಗ್ಯಾಸ್. ಪೈಪಿನ ಒಳಗಿರುವಷ್ಟು ಹೊತ್ತು ಅದು ನಾವು ಹೇಳಿದ ಹಾಗೆ ಕೇಳುತ್ತದೆ. ಹೊರಗೆ ಬಂದರೆ ಕಣ್ಣು ಸುಡುತ್ತದೆ, ಎದೆ ಸುಡುತ್ತದೆ, ಸ್ವಲ್ಪ ಹೊತ್ತಿನಲ್ಲೇ ಮನುಷ್ಯನನ್ನು ನೆಲಕ್ಕೆ ಕೆಡವುತ್ತದೆ.

ಆ ಗ್ಯಾಸನ್ನು ಮೂವತ್ತು ವರ್ಷ ಹದ್ದುಬಸ್ತಿನಲ್ಲಿಟ್ಟವನು ದೂಮಣ್ಣ ಎಂಬ ಆಪರೇಟರ್. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು. ಯಂತ್ರದ ಸದ್ದು ಒಂದಿಷ್ಟು ಬದಲಾದರೆ ಅರ್ಧ ಊಟದಲ್ಲಿ ಎದ್ದು ಓಡುತ್ತಿದ್ದ. ಅವನಿದ್ದ ಅಷ್ಟೂ ವರ್ಷ ಅಲ್ಲಿ ಏನೂ ಆಗಲಿಲ್ಲ. ನೋಡಿ, ಏನೂ ಆಗದೆ ಇರುವ ಹಾಗೆ ನೋಡಿಕೊಂಡವನನ್ನು ಯಾರೂ ಹೊಗಳುವುದಿಲ್ಲ.

ಸಾಹುಕಾರನಿಗೆ ಒಬ್ಬನೇ ಮಗ. ಇದೇ ಯಂತ್ರಗಳ ಡಿಪ್ಲೊಮಾ ಓದಲಿ ಎಂದು ದೂರದ ಒಂದು ಕಾಲೇಜಿಗೆ ಸೇರಿಸಿದ. ಸೇರಿ ಆರು ತಿಂಗಳಾಗಿತ್ತೋ ಇಲ್ಲವೋ, ಕೊರೋನಾ ಬಂತು. ಮುಂದಿನದನ್ನು ನಿಮಗೆ ನಾನು ಹೇಳಬೇಕಾ? ಪಾಠ ಫೋನಿನಲ್ಲಿ, ಹಾಜರಿ ಫೋನಿನಲ್ಲಿ. ಹುಡುಗ ಬೆಳಿಗ್ಗೆ ‘ಪ್ರೆಸೆಂಟ್ ಸರ್’ ಎಂದು ಹೇಳಿ, ಫೋನನ್ನು ದಿಂಬಿನ ಪಕ್ಕ ಇಟ್ಟು ಮತ್ತೆ ಹೊದ್ದು ಮಲಗುತ್ತಿದ್ದ. ನಗಬೇಡಿ. ನಗುವವರು ಮೊದಲು ತಮ್ಮ ಮನೆಯ ದಿಂಬುಗಳನ್ನು ನೆನಪು ಮಾಡಿಕೊಳ್ಳಿ.

ಹೀಗೆ ಒಂದೂವರೆ ವರ್ಷ ಕಳೆಯಿತು. ಆಮೇಲೆ ಕಾಲೇಜಿನಿಂದ ಸುದ್ದಿ ಬಂತು: ಪ್ರಾಕ್ಟಿಕಲ್ ಪರೀಕ್ಷೆಯೂ ಫೋನಿನಲ್ಲೇ. ಹತ್ತಿರದ ಯಾವುದಾದರೂ ಕಾರ್ಖಾನೆಗೆ ಹೋಗಿ, ಗ್ಯಾಸ್ ಸೋರಿದರೆ ಯಾವ ವಾಲ್ವನ್ನು ಹೇಗೆ ಮುಚ್ಚಬೇಕು ಎಂದು ಮಾಡಿ ತೋರಿಸಬೇಕು. ಹುಡುಗ ಅಪ್ಪನ ಹತ್ತಿರ ಓಡಿದ.

“ಅಪ್ಪ, ನಾನು ಇದನ್ನೆಲ್ಲ ಒಮ್ಮೆಯೂ ಮುಟ್ಟಿಲ್ಲ. ನಂಗೆ ಬರುದಿಲ್ಲ.”

“ನಿಂಗೆ ಬರದಿದ್ರೆ ಎಂತ? ದೂಮಣ್ಣನಿಗೆ ಬರ್ತದಲ್ಲ.”

ಅಪ್ಪ ಮಾಡಿದ ಏರ್ಪಾಡು ಕೇಳಿ. ಪರೀಕ್ಷೆ ಶುರುವಾದಾಗ ಮಗ ಮುಖ ತೋರಿಸಿ ನಂಬರ್ ಹೇಳಬೇಕು. ಆಮೇಲೆ ಫೋನನ್ನು ವಾಲ್ವುಗಳ ಎದುರು ನಿಲ್ಲಿಸಬೇಕು. ಕೈ ಮಾತ್ರ ಕಾಣಬೇಕು. ಕೈ ದೂಮಣ್ಣನದು, ಅದಕ್ಕೆ ಮಗನ ಕಾಲೇಜಿನ ಕೋಟು. ಮಾತು ಮಗನದು, ಅದೂ ಚೀಟಿ ನೋಡಿಕೊಂಡು. ದೂಮಣ್ಣನ ಮುಖವೆಲ್ಲಾದರೂ ಕಂಡುಬಿಟ್ಟೀತೇ ಎಂದು ಪರದೆಯಲ್ಲಿ ನೋಡಿಕೊಳ್ಳುತ್ತಿರಬೇಕಲ್ಲ, ಅದಕ್ಕೆ ನಾವು ನಮ್ಮನ್ನೇ ಫೋಟೋ ತೆಗೆದುಕೊಳ್ಳುವ ಆ ಮುಂದಿನ ಕ್ಯಾಮೆರಾ ಇಟ್ಟರು. ವಿಡಿಯೋ ಫೋನಿನಲ್ಲಿ ಉಳಿಯಲಿ ಎಂದು ರೆಕಾರ್ಡನ್ನೂ ಮಾಡಿಕೊಂಡರು.

ದೂಮಣ್ಣ ಕೋಟು ಹಾಕಿಕೊಳ್ಳುವ ಮೊದಲು ಒಂದು ಮಾತು ಹೇಳಿದ. “ಸಾಹುಕಾರ್ರೆ, ಇದು ಬೇಡ. ಹುಡುಗನನ್ನು ಎರಡು ತಿಂಗಳು ನನ್ನೊಟ್ಟಿಗೆ ಬಿಡಿ. ನಾನು ಕಲಿಸ್ತೇನೆ.”

“ಮೊದ್ಲು ಸರ್ಟಿಫಿಕೇಟ್ ಬರ್ಲಿ ಮಾರಾಯ. ಕಲಿಯುದು ಮತ್ತೆ ಆಗ್ತದೆ.”

ಕಲಿಯುದು ಮತ್ತೆ ಆಗ್ತದೆ! ಈ ಮಾತನ್ನು ನಾನು ಎಷ್ಟು ಮನೆಗಳಲ್ಲಿ ಕೇಳಿದ್ದೇನೆ ಗೊತ್ತಾ? ಕಾಫಿ ಕುಡಿಯುತ್ತಾ ಕೇಳಿದ್ದೇನೆ. ಕೇಳಿ ತಲೆ ಅಲ್ಲಾಡಿಸಿದ್ದೇನೆ.

ಪರೀಕ್ಷೆ ನಡೆಯಿತು. ಆ ಕಡೆ ಪರದೆಯಲ್ಲಿ ನೋಡುತ್ತಿದ್ದ ಮೇಷ್ಟ್ರು ಕುರುಡರೇನಲ್ಲ. ಹತ್ತೊಂಬತ್ತರ ಹುಡುಗನಿಗೆ ಒಡೆದ ಚರ್ಮ, ಬಿಳಿ ಕೂದಲಿನ ಮುಂಗೈ, ಉಗುರಿಲ್ಲದ ಹೆಬ್ಬೆರಳು ಎಲ್ಲಿಂದ ಬರಬೇಕು? ಅವರಿಗೆ ಕಂಡಿತು. ಆದರೆ ಆ ದಿನ ಇನ್ನೂ ನಲವತ್ತು ಮಕ್ಕಳು ಸಾಲಿನಲ್ಲಿದ್ದರು. ಎಲ್ಲರ ಮನೆಯಲ್ಲೂ ಇದೇ ಕಥೆ ಎಂದು ಅವರಿಗೆ ಗೊತ್ತಿತ್ತು. ತೊಂಬತ್ನಾಲ್ಕು ಎಂದು ಬರೆದು ಮುಂದಿನ ಹುಡುಗನನ್ನು ಕರೆದರು.

ಕಾಯಿಲೆ ಹೋಯಿತು, ಕಾಲೇಜು ತೆರೆಯಿತು, ಸರ್ಟಿಫಿಕೇಟ್ ಬಂತು. ಸಾಹುಕಾರ ಅದಕ್ಕೆ ಗಾಜಿನ ಕಟ್ಟು ಹಾಕಿಸಿ ಕಚೇರಿಯ ಗೋಡೆಗೆ ನೇತುಹಾಕಿದ. ಓದಿದವನು ಮನೆಯಲ್ಲೇ ಇರುವಾಗ ನಾಲ್ಕನೇ ಕ್ಲಾಸಿನವನು ಯಾಕೆ ಎಂದು ದೂಮಣ್ಣನಿಗೆ ಒಂದು ಶಾಲು ಹೊದಿಸಿ ಮನೆಗೆ ಕಳಿಸಿದ. ಹೋಗುವಾಗ ದೂಮಣ್ಣ ಹುಡುಗನ ಹತ್ತಿರ ಬಂದು ಮೆಲ್ಲಗೆ ಹೇಳಿದ: “ನನ್ನ ಮನೆ ಇಲ್ಲೇ ಓಣಿಯ ತುದೀಲಿ. ಗೊತ್ತಾಗದ್ದು ಇದ್ರೆ ಬಾ. ಯಾರಿಗೂ ಹೇಳುದಿಲ್ಲ.”

ಹುಡುಗ ಹೋದನಾ? ಹೋಗಲಿಲ್ಲ. ಫಸ್ಟ್ ಕ್ಲಾಸ್ ಬಂದವನು ನಾಲ್ಕನೇ ಕ್ಲಾಸಿನವನ ಬಾಗಿಲಿಗೆ ಹೇಗೆ ಹೋಗುವುದು? ಆದರೆ ಸಭೆಯವರೇ, ಅವನು ಸೊಕ್ಕಿನ ಹುಡುಗನಲ್ಲ. ಅವನು ಹೆದರಿದ ಹುಡುಗ. ದಿನಾ ಬೆಳಿಗ್ಗೆ ಕಾರ್ಖಾನೆಯ ಬೀಗ ತೆಗೆಯುವಾಗ ಅವನಿಗೆ ಯಾರಾದರೂ ಏನಾದರೂ ಕೇಳಿಬಿಟ್ಟರೆ ಎಂಬ ಹೆದರಿಕೆ. ಅದಕ್ಕೆ ಅವನು ಒಂದು ದಾರಿ ಕಂಡುಕೊಂಡ. ಫೋನಿನಲ್ಲಿದ್ದ ಪರೀಕ್ಷೆಯ ವಿಡಿಯೋವನ್ನು ದಿನಾ ನೋಡಿದ. ಗ್ಯಾಸಿನ ಟ್ಯಾಂಕಿನ ಕೆಳಗೆ ಎರಡು ವಾಲ್ವುಗಳು, ಒಂದೇ ಅಳತೆ, ಒಂದೇ ಬಣ್ಣ. ಒಂದು ಗ್ಯಾಸನ್ನು ತಡೆಯುವುದು. ಇನ್ನೊಂದು ಟ್ಯಾಂಕಿನ ತಳದ ಎಣ್ಣೆ ಬಸಿಯುವುದು, ಅದು ಯಾವಾಗಲೂ ಮುಚ್ಚಿಯೇ ಇರಬೇಕು. ಗ್ಯಾಸ್ ತಡೆಯಲು ದೂಮಣ್ಣನ ಕೈ ಬಲಗಡೆಯ ವಾಲ್ವಿಗೆ ಹೋಗುತ್ತದೆ. ಬಲಗಡೆ, ಬಲಗಡೆ ಎಂದು ಹುಡುಗ ಬಾಯಿಪಾಠ ಮಾಡಿದ.

ಮುಂದಿನ ಕ್ಯಾಮೆರಾದಲ್ಲಿ ತೆಗೆದ ವಿಡಿಯೋ ಅದು. ಅವನ ಫೋನಿನಲ್ಲಿ ಅದು ಕನ್ನಡಿಯಲ್ಲಿ ಕಂಡ ಹಾಗೆಯೇ ಉಳಿದಿತ್ತು. ಎಡ ಇದ್ದದ್ದು ಬಲ ಆಗಿತ್ತು. ಒಂದು ಸಲ, ಒಂದೇ ಒಂದು ಸಲ ಎದ್ದು ಹೋಗಿ ಆ ಕಬ್ಬಿಣವನ್ನು ಕೈಯಿಂದ ಮುಟ್ಟಿ ನೋಡಿದ್ದರೆ ಗೊತ್ತಾಗುತ್ತಿತ್ತು. ಅವನು ಮುಟ್ಟಲಿಲ್ಲ.

ಒಂದು ದಿನ ಮಧ್ಯಾಹ್ನ ಮೂರು ಗಂಟೆ. ಬೋಟುಗಳು ಬಂದಿದ್ದವು. ಮೀನಿನ ಹೆಂಗಸರು ಪ್ಲಾಸ್ಟಿಕ್ ಟಬ್ಬು ಹಿಡಿದು ಐಸಿಗೆ ಸಾಲು ನಿಂತಿದ್ದರು. ಸಾಲಿನ ಮೊದಲಿಗೆ ಅಪ್ಪಿಯಕ್ಕ ಎಂಬ ಹೆಂಗಸು. ಮೊದಲು ಅವಳಿಗೇ ವಾಸನೆ ಬಂತು.

“ಎಂತದ್ದು ಮಗಾ ಇದು? ಕಣ್ಣು ಉರೀತದೆ. ನಾವು ಹೊರಗೆ ಹೋಗ್ಬೇಕಾ?”

ಓಡಿ ಎಂದರೆ ಹುಡುಗನ ಗುಟ್ಟು ರಟ್ಟಾಗುತ್ತದೆ. ಮಾತು ಮಾತ್ರ ಅವನಿಗೆ ಚೆನ್ನಾಗಿ ಬರುತ್ತಿತ್ತು. ಪರೀಕ್ಷೆಯಲ್ಲೂ ಅಷ್ಟೇ ತಾನೇ ಅವನು ಮಾಡಿದ್ದು?

“ಎಂತ ಇಲ್ಲಕ್ಕ. ಅಲ್ಲೇ ನಿಲ್ಲಿ. ಈಗ ಬಂದ್ ಮಾಡ್ತೇನೆ.”

ಡಿಪ್ಲೊಮಾ ಓದಿದ ಹುಡುಗ ಹೇಳಿದ್ದಾನೆ. ಹೆಂಗಸರು ನಿಂತರು. ನೋಡಿ, ಅವರು ನಿಂತರು! ಸೆರಗಿನಿಂದ ಮೂಗು ಮುಚ್ಚಿಕೊಂಡು, ಟಬ್ಬು ಕೆಳಗಿಡದೆ ನಿಂತರು.

ಹುಡುಗ ಬಲಗಡೆಯ ವಾಲ್ವಿಗೆ ಕೈ ಹಾಕಿದ. ಮುಚ್ಚುವ ಕಡೆ ತಿರುಗಿಸಿದ, ಅದು ಅಲ್ಲಾಡಲಿಲ್ಲ. ಮೊದಲೇ ಮುಚ್ಚಿದ್ದು ಹೇಗೆ ಅಲ್ಲಾಡಬೇಕು? ತುಕ್ಕು ಹಿಡಿದಿದೆ ಎಂದುಕೊಂಡ. ಮೈಯಲ್ಲಿದ್ದ ಶಕ್ತಿಯೆಲ್ಲ ಹಾಕಿ, ವಿಡಿಯೋದಲ್ಲಿ ಕಂಡ ಹಾಗೆ ಇನ್ನೊಂದು ಕಡೆ ತಿರುಗಿಸಿದ. ಈಗ ತಿರುಗಿತು. ಅಬ್ಬಾ, ಸರಿಹೋಯಿತು ಎಂದು ಇನ್ನೂ ಎರಡು ಸುತ್ತು ತಿರುಗಿಸಿದ. ಎಲ್ಲೋ ಸಣ್ಣಗೆ ಸೋರುತ್ತಿದ್ದ ಗ್ಯಾಸ್ ಈಗ ಟ್ಯಾಂಕಿನ ತಳದಿಂದ ಬಿಳಿ ಮೋಡವಾಗಿ ನುಗ್ಗಿತು.

ಹೆಂಗಸರ ಕೂಗು ಓಣಿಯ ತುದಿಗೆ ಕೇಳಿಸಿತು. ಅದಕ್ಕೂ ಮೊದಲು ವಾಸನೆ ಹಿಡಿದಿದ್ದ ದೂಮಣ್ಣ ಒದ್ದೆ ಗೋಣಿ ಹೊದ್ದುಕೊಂಡು ಓಡಿ ಬಂದ. ಕಣ್ಣು ಮುಚ್ಚಿಕೊಂಡೇ ಒಳಗೆ ಹೋದ, ಕಣ್ಣು ಮುಚ್ಚಿಕೊಂಡೇ ಎರಡೂ ವಾಲ್ವುಗಳನ್ನು ಮುಚ್ಚಿದ. ನೆಲಕ್ಕೆ ಬಿದ್ದಿದ್ದ ಹುಡುಗನನ್ನು ಕಾಲು ಹಿಡಿದು ಹೊರಗೆ ಎಳೆದ. ಯಾರೂ ಸಾಯಲಿಲ್ಲ. ಆದರೆ ಆರು ಹೆಂಗಸರು ಆಸ್ಪತ್ರೆ ಸೇರಿದರು. ಅಪ್ಪಿಯಕ್ಕನ ಎರಡು ಕಣ್ಣೂ ಹೋದವು.

ಆಸ್ಪತ್ರೆಯಲ್ಲಿ ಸಾಹುಕಾರ ಮಗನ ಮಂಚದ ಪಕ್ಕ ಕುಳಿತು ಅತ್ತ. “ನೀನು ಕಲಿತವನಲ್ವಾ ಮಗಾ? ತೊಂಬತ್ನಾಲ್ಕು ಬಂದದ್ದಲ್ವಾ ನಿಂಗೆ?”

“ನಂಗೆ ಬಂದದ್ದಲ್ಲ ಅಪ್ಪ. ದೂಮಣ್ಣನಿಗೆ ಬಂದದ್ದು.”

ತನಿಖೆಗೆ ಬಂದ ಅಧಿಕಾರಿ ಗೋಡೆಯ ಸರ್ಟಿಫಿಕೇಟ್ ಇಳಿಸಿ ನೋಡಿದರು. ಸಹಿ ಇತ್ತು, ಮೊಹರು ಇತ್ತು. ಆಪರೇಟರ್ ಅರ್ಹತೆ ಸರಿಯಾಗಿದೆ ಎಂದು ಬರೆದುಕೊಂಡು ಹೋದರು. ನನಗೆ ಗ್ಯಾಸಿಗಿಂತ ಹೆಚ್ಚು ಹೆದರಿಕೆ ಹುಟ್ಟಿಸಿದ್ದು ಇದು. ಎರಡು ಕಣ್ಣು ಹೋದರೂ ಕಾಗದದಲ್ಲಿ ಎಲ್ಲೂ ತಪ್ಪಿಲ್ಲ!

ಹುಡುಗನಿಗೆ ನಡೆಯಲು ಶಕ್ತಿ ಬಂದ ದಿನ ಅವನು ಅಪ್ಪಿಯಕ್ಕನ ವಾರ್ಡಿಗೆ ಹೋದ. ಎಲ್ಲವನ್ನೂ ಹೇಳಿದ. ದಿಂಬು, ಕೋಟು, ಚೀಟಿ, ವಿಡಿಯೋ, ಎಲ್ಲ. ಅವಳು ಬೈಯುತ್ತಾಳೆ ಎಂದುಕೊಂಡಿದ್ದ. ಅವಳು ಕಟ್ಟು ಹಾಕಿದ ಮುಖವನ್ನು ಅವನ ದನಿಯ ಕಡೆ ತಿರುಗಿಸಿ ಇಷ್ಟೇ ಕೇಳಿದಳು:

“ನಂಗೆ ಗೊತ್ತಿಲ್ಲ ಅಂತ ಒಂದು ಮಾತು ಹೇಳಿದ್ರೆ ನಾವು ಓಡಿ ಹೋಗ್ತಿದ್ದೆವಲ್ಲ ಮಗಾ. ಯಾಕೆ ಹೇಳ್ಲಿಲ್ಲ?”

ಕಥೆ ಅಷ್ಟೇ. ಈಗ ನೀವು ಅಯ್ಯೋ ಪಾಪ ಎನ್ನುತ್ತಿದ್ದೀರಿ. ಯಾರಿಗೆ ಪಾಪ? ಎಚ್ಚರವಾಗಿ ಕೂತುಕೊಳ್ಳಿ, ಈಗ ನಿಮ್ಮ ಬಾಗಿಲಿಗೇ ಬರುತ್ತಿದ್ದೇನೆ.

ಶಾಲೆಗಳು ತೆರೆದು ವರ್ಷಗಳಾದವು. ಬೆಂಚುಗಳ ಮೇಲೆ ಮಕ್ಕಳಿದ್ದಾರೆ, ಗಂಟೆ ಹೊಡೆಯುತ್ತದೆ. ಎಲ್ಲ ಮೊದಲಿನ ಹಾಗೆ ಆಯಿತು ಎಂದು ನಾವು ನಿಟ್ಟುಸಿರು ಬಿಟ್ಟೆವು. ಆಯಿತಾ? ಆ ಎರಡು ವರ್ಷ ಪರೀಕ್ಷೆ ಇಲ್ಲದೆ ಮೇಲಿನ ಕ್ಲಾಸಿಗೆ ಹತ್ತಿದ ಮಗು ಕೆಳಗಿನ ಮೆಟ್ಟಿಲನ್ನು ಯಾವಾಗ ಹತ್ತಿತು? ಮನೆಪಾಠದ ಉತ್ತರ ಈಗಲೂ ಫೋನಿನಿಂದ ಬರುತ್ತದೆ. ಪ್ರಬಂಧವನ್ನು ಯಂತ್ರ ಬರೆಯುತ್ತದೆ, ಪ್ರಾಜೆಕ್ಟನ್ನು ಅಂಗಡಿಯವನು ಮಾಡುತ್ತಾನೆ, ಮಗು ಹೆಸರು ಬರೆಯುತ್ತದೆ. ಕಾಯಿಲೆ ಹೋಯಿತು ಸ್ವಾಮಿ, ಚಾಳಿ ಮನೆಯಲ್ಲೇ ಉಳಿಯಿತು.

ಹೋದ ತಿಂಗಳು ನಮ್ಮ ಚರ್ಚಿನ ಭಾನುವಾರದ ಶಾಲೆಯಲ್ಲಿ ಎಂಟನೇ ಕ್ಲಾಸಿನ ಒಂದು ಹುಡುಗಿಗೆ ಪ್ರಕಟಣೆ ಓದು ಮಗಳೇ ಎಂದು ಚೀಟಿ ಕೊಟ್ಟೆ. ಅವಳು ಚೀಟಿ ನೋಡಲಿಲ್ಲ. ಹಿಂದೆ ನಿಂತಿದ್ದ ಅಮ್ಮನ ಬಾಯಿ ನೋಡಿದಳು. ಅಮ್ಮನ ತುಟಿ ಅಲ್ಲಾಡುತ್ತಿತ್ತು. ಮಗಳು ಒಂದೊಂದೇ ಮಾತು ಅಲ್ಲಿಂದ ಎತ್ತಿಕೊಂಡು ಹೇಳಿದಳು. ನಾವೆಲ್ಲ ಚಪ್ಪಾಳೆ ತಟ್ಟಿದೆವು.

ನನ್ನ ಬಗ್ಗೆಯೂ ಹೇಳುತ್ತೇನೆ, ಇಲ್ಲದಿದ್ದರೆ ನಾನು ಇಲ್ಲಿ ನಿಲ್ಲಬಾರದು. ಕೊರೋನಾದ ವರ್ಷ ಕಂಠಪಾಠದ ಸ್ಪರ್ಧೆ ಫೋನಿನಲ್ಲಿ ನಡೆಯಿತಲ್ಲ, ಮೊದಲ ಬಹುಮಾನ ನನ್ನ ಮೊಮ್ಮಗಳಿಗೆ ಬಂತು. ಫೋನಿನ ಹಿಂದೆ ದೊಡ್ಡ ಅಕ್ಷರದ ಕಾಗದ ಹಿಡಿದು ನಿಂತವನು ನಾನು. ನಾನೇ. ಅವಳು ಈಗ ನರ್ಸಿಂಗ್ ಓದುತ್ತಿದ್ದಾಳೆ. ನಾಳೆ ಯಾರದೋ ತೋಳಿಗೆ ಸೂಜಿ ಚುಚ್ಚುತ್ತಾಳೆ. ನಾನು ರಾತ್ರಿ ನಿದ್ದೆ ಮಾಡುವುದಿಲ್ಲ.

ಅದಕ್ಕೇ ಹೇಳುತ್ತೇನೆ. ಇವತ್ತು ಊಟವಾದ ಮೇಲೆ ಮಗುವನ್ನು ಎದುರಿಗೆ ಕೂರಿಸಿಕೊಳ್ಳಿ. ಫೋನು ಬೇರೆ ಕೋಣೆಯಲ್ಲಿರಲಿ. ಅದರದೇ ಪುಸ್ತಕದ ಒಂದು ಪುಟ ಗಟ್ಟಿಯಾಗಿ ಓದಿಸಿ, ಒಂದು ಭಾಗಾಕಾರ ಮಾಡಿಸಿ. ಬರದಿದ್ದರೆ ಹೊಡೆಯಬೇಡಿ, ಮುಚ್ಚಿಡಲೂ ಬೇಡಿ. ನಾಳೆ ಶಾಲೆಗೆ ಹೋಗಿ ಟೀಚರಿಗೆ ಹೇಳಿ: ನನ್ನ ಮಗುವಿಗೆ ಇದು ಗೊತ್ತಿಲ್ಲ, ತಪ್ಪಿಹೋದ ಕಡೆಯಿಂದ ಮತ್ತೆ ಕಲಿಸಿ. ಟೀಚರುಗಳೇ, ಅವರನ್ನು ನೋಡಿ ನಗಬೇಡಿ, ಅಂಕ ಕೊಟ್ಟು ಸಾಗಹಾಕಬೇಡಿ. ಕೆಲಸಕ್ಕೆ ಸೇರಿದ ಯುವಕರೇ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ನಾಳೆಯೇ ಹೇಳಿ, ಗೊತ್ತಿದ್ದವರ ಬಾಗಿಲಿಗೆ ಹೋಗಿ. ನಿಮಗಾಗುವ ಅವಮಾನದಿಂದ ಯಾರ ಕಣ್ಣೂ ಹೋಗುವುದಿಲ್ಲ.

ಮಗು ಓದುತ್ತಾ ಓದುತ್ತಾ ಒಂದು ಕಡೆ ನಿಲ್ಲುತ್ತದೆ. ತಲೆ ಎತ್ತಿ ನಿಮ್ಮ ತುಟಿ ನೋಡುತ್ತದೆ. ಆಗ ಹೇಳಿಕೊಡಬೇಕು ಎಂದು ನಿಮ್ಮ ಜೀವ ಬಾಯಿಗೆ ಬರುತ್ತದೆ. ಹೇಳಿಕೊಡಬೇಡಿ, ಬಾಯಿ ಮುಚ್ಚಿ ಕೂತಿರಿ. ಮಗು ತಾನಾಗಿಯೇ ನನಗೆ ಗೊತ್ತಿಲ್ಲ ಎನ್ನುವ ತನಕ ಕಾಯಿರಿ. ಅದು ಹಾಗೆಂದ ಕೂಡಲೇ ತಬ್ಬಿಕೊಳ್ಳಿ, ಯಾಕೆಂದರೆ ಅದು ಯಾರದೋ ಜೀವ ಉಳಿಸಿತು. ಈಗ ಪ್ರಾರ್ಥನೆಗೆ ಏಳಬೇಡಿ. ಮೊದಲು ಮನೆಗೆ ಹೋಗಿ.