ಬಾಳೆಲೆಯೊಳಗಿನ ಘಮ

ಹೆಬ್ಬಾಳದ ಬಸ್ ಸ್ಟಾಪಿನಲ್ಲಿ ಕೆರೆಯ ಮಂಜು ಮೆಲ್ಲಗೆ ರಸ್ತೆಗೆ ಹಬ್ಬುತ್ತಿತ್ತು. ಕಾರ್ಖಾನೆಯ ಕೆಲಸ ಮುಗಿಸಿ ಕೂತಿದ್ದ ಗಂಗರತ್ನಮ್ಮನಿಗೆ ಕಣ್ಣು ಎಳೆಯುತ್ತಿತ್ತು. ಪಕ್ಕದ ಇಬ್ಬರು ಗಂಡಸರ ಮಾತು ಕನಸಿನೊಳಗಿಂದ ಬಂದಂತೆ ಕೇಳಿಸಿತು.

“ಬೀಗರೂಟಕ್ಕೆ ಬೇರೆ ಅಡುಗೆಯೋರನ್ನ ನೋಡ್ಕೊಳಿ ಗೌಡ್ರೇ.”

“ಜ್ವರ ಬಿಟ್ಟು ಎಷ್ಟು ದಿನಾಯ್ತು ಖಾದರ್ ಸಾಬ್ರೇ! ಇನ್ನೂ ಏನು?”

“ಫ್ಲೂ ಹೋಗ್ತಾ ವಾಸನೇನೂ ಹೊತ್ಕೊಂಡು ಹೋಯ್ತು. ಬಿರಿಯಾನಿ ದಮ್ ಆಯ್ತಾ ಅಂತ ನಾನು ಮುಚ್ಚಳ ತೆಗೆದು ನೋಡಿದೋನಲ್ಲ, ಮೂಗಲ್ಲೇ ಹೇಳ್ತಿದ್ದೆ. ಈಗ ತಳ ಹತ್ತಿದ್ರೂ ತಿಳಿಯಲ್ಲ.”

“ನಮ್ ಬೀಗ್ರು ಮೂಳೆ ಎಣಿಸೋ ಜನ, ವಾಸನೆ ಯಾರ್ ನೋಡ್ತಾರೆ!”

“ನಗ್ಬೇಡಿ. ಕನಸಲ್ಲಿ ಮಾತ್ರ ಎಲ್ಲಾ ಘಮ ಬರುತ್ತೆ. ಎದ್ರೆ ಏನಿಲ್ಲ.”

ಖಾದರ್ ಸಾಬರು ತಟ್ಟನೆ ತಲೆಯೆತ್ತಿ ಮೂಗರಳಿಸಿದರು.

“ಗೌಡ್ರೇ, ಇಲ್ಲೆಲ್ಲೋ ಮಲ್ಲಿಗೆ ಇದೆ.”

“ಎಲ್ಲೈತೆ? ಆ ಯಮ್ಮನ ತಲೇಲೂ ಇಲ್ಲ.”

“ಹಾಗಾದ್ರೆ ಎಚ್ಚರದಲ್ಲೂ ಶುರುವಾಯ್ತು ಕನಸು. ಬೇರೆಯೋರನ್ನ ನೋಡ್ಕೊಳಿ.”

ಅವರ ಬಸ್ಸು ಬಂತು, ಇಬ್ಬರೂ ಹತ್ತಿದರು. ಗಂಗರತ್ನಮ್ಮ ದಡಬಡನೆ ಎದ್ದು, ಮಗಳಿಗೆಂದು ಕೊಂಡಿದ್ದ ಬಾಳೆಲೆ ಪೊಟ್ಟಣವನ್ನು ಚೀಲದ ತಳದಿಂದ ತೆಗೆದು, ಬಿಚ್ಚಿ, ಮಲ್ಲಿಗೆಯನ್ನು ಕಿಟಕಿಯತ್ತ ಎತ್ತಿ ಹಿಡಿದಳು. ಗೌಡರು ಬಾಯಿ ತೆರೆದು ನೋಡಿದರು. ಅವರು ಸಾಬರ ಭುಜ ಹಿಡಿದು ಅಲ್ಲಾಡಿಸುತ್ತಿದ್ದಂತೆಯೇ ಬಸ್ಸು ಮಂಜಿನೊಳಗೆ ಹೋಯಿತು.